ಎಂಟು ಗಂಟೆಯ ಕೋಶಗಳು, ಎಂಟೂಮುಕ್ಕಾಲಿನ ಬಸ್ಸು

ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಸಂದರ್ಶನದಲ್ಲಿ ಎಲ್ಲ ಹೇಳುತ್ತಾರೆ, ಇದೊಂದನ್ನು ಮಾತ್ರ ಹೇಳುವುದಿಲ್ಲ. ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಆಕರಕೋಶಗಳಿಗೆ ದಿನಾ ಹಳೆಯ ನೀರು ತೆಗೆದು ಹೊಸ ಪೋಷಕ ದ್ರವ ಹಾಕಬೇಕು. ನಾಗರಪಂಚಮಿ ಇರಲಿ, ಮನೆಯಲ್ಲಿ ಸೂತಕವಿರಲಿ, ಅವಕ್ಕೆ ಊಟ ಊಟವೇ. ಹಿರೇಕೆರೂರಿನಲ್ಲಿ ನನ್ನ ಹೆಂಡತಿಯ ತಮ್ಮನ ಲಗ್ನದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಹಾವೇರಿ ಬಸ್ಸಿನಲ್ಲಿದ್ದೆ. ಫೋಟೋಗಳಲ್ಲಿ ನನ್ನ ಹೆಂಡತಿಯ ಪಕ್ಕ ಒಂದು ಖಾಲಿ ಕುರ್ಚಿ ಇದೆ. ಆ ಆಲ್ಬಮ್ಮನ್ನು ಆಕೆ ಬಂದವರಿಗೆಲ್ಲ ತೋರಿಸುತ್ತಾಳೆ.

ನಾನು ಕಲ್ಲಪ್ಪ. ಹುಟ್ಟಿದ್ದು ಚಿಕ್ಕೇರೂರು, ಮನೆ ಮಾಡಿದ್ದು ಶಿಗ್ಗಾಂವಿ. ಮೊದಲು ಹಾನಗಲ್ಲಿನ ಒಂದು ದವಾಖಾನೆಯಲ್ಲಿ ಜನರ ರಕ್ತ, ಮೂತ್ರ, ಕಫ ನೋಡುತ್ತಿದ್ದೆ. ಆಮೇಲೆ ಹೆದ್ದಾರಿ ಬದಿಯ ಒಂದು ಸಂಶೋಧನಾ ಕೇಂದ್ರದಲ್ಲಿ ತಂತ್ರಜ್ಞನಾಗಿ ಸೇರಿ, ಹೋದ ವರ್ಷ ನಿವೃತ್ತನಾದೆ. ಕೇಂದ್ರದ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಮೇಡಂ ಈ ಪುಟಗಳನ್ನು ತಿದ್ದಲು ಕೆಂಪು ಪೆನ್ನು ಹಿಡಿದು ಮನೆಗೇ ಬರುತ್ತಾರೆ.

ನಾವು ಮಾಡುತ್ತಿದ್ದದ್ದೇನು ಎಂಬುದನ್ನು ಊರಲ್ಲಿ ನನ್ನ ಕಾಕಾನಿಗೆ ತಿಳಿಸಲು ಹೋಗಿ ಸೋತವನು ನಾನು. ಆಕರಕೋಶ ಅಂದರೆ ಇನ್ನೂ ಏನೂ ಆಗದ ಕೋಶ. ಪಿಯುಸಿ ಮುಗಿಸಿ, ಯಾವ ಕೋರ್ಸೆಂದು ತಿಳಿಯದೆ ಕಟ್ಟೆಗೆ ಕುಂತ ಹುಡುಗನ ಹಾಗೆ. ಅದು ಮುಂದೆ ಚರ್ಮವೂ ಆಗಬಹುದು, ನರವೂ ಆಗಬಹುದು. ನಮ್ಮ ಲ್ಯಾಬಿನಲ್ಲಿ ಅದನ್ನು ಜನನಕೋಶದ ದಾರಿಗೆ ಹಚ್ಚುತ್ತಿದ್ದೆವು. ಜನನಕೋಶ ಎಂದರೆ ಬೆಳೆದ ಮೇಲೆ ಹೆಣ್ಣಿನಲ್ಲಿ ಅಂಡ, ಗಂಡಿನಲ್ಲಿ ವೀರ್ಯಾಣು ಆಗುವಂಥದ್ದು. ನಾವು ಮಾಡುತ್ತಿದ್ದದ್ದು ಅದರ ತೀರ ಮೊದಲ ಮೆಟ್ಟಿಲು. ಗರ್ಭದಲ್ಲಿ ಕೂಸು ಇನ್ನೂ ಸಾಸಿವೆಗಿಂತ ಸಣ್ಣದಿದ್ದಾಗ, ತಾಯಿಗೇ ತಾನು ಬಸುರಿ ಎಂದು ಖಾತ್ರಿಯಾಗುವ ಮೊದಲೇ, ಕೆಲವೇ ಕೋಶಗಳು ಪಕ್ಕಕ್ಕೆ ಸರಿದು ಈ ಕೆಲಸಕ್ಕೆ ಮೀಸಲಾಗುತ್ತವೆ. ಅಲ್ಲಿ ಇಣುಕಿ ನೋಡಲು ಬರುವುದಿಲ್ಲವಲ್ಲ, ಅದಕ್ಕೆ ತಟ್ಟೆಯಲ್ಲಿ ಮಾಡಿ ನೋಡುವುದು.

ಇಷ್ಟನ್ನೂ ಕಾಕಾ ಕೇಳಿ, ತಂಬಾಕು ಉಗುಳಿ ಬಂದು, "ಅಂದ್ರ ಕೋಳಿ ಫಾರ್ಮ್ ಅನ್ನು," ಎಂದ.

"ಕೋಳಿ ಇಲ್ಲೋ ಕಾಕಾ. ತತ್ತಿಗಿಂತ ಮೊದಲಿಂದು."

"ತತ್ತಿಗಿಂತ ಮೊದಲು ಇರೂದು ಕೋಳೀನ ಅಲ್ಲೇನಲೇ?"

ಅವತ್ತಿನಿಂದ ಚಿಕ್ಕೇರೂರಿನಲ್ಲಿ ನಾನು ಕೋಳಿ ಫಾರ್ಮಿನ ಕಲ್ಲಪ್ಪ. ಹಬ್ಬಕ್ಕೆ ಹೋದಾಗ ತತ್ತಿಯ ರೇಟು ಕೇಳುತ್ತಾರೆ, ನಾನೂ ಗೊತ್ತಿದ್ದಷ್ಟು ಹೇಳುತ್ತೇನೆ.

ನಮ್ಮ ಮುಖ್ಯಸ್ಥರು ಡಾಕ್ಟರ್ ವಸುಂಧರಾ ಮೇಡಂ, ಸವಣೂರಿನವರು. ತಲೆಮಾರುಗಳಿಂದ ಶಾಸ್ತ್ರಪಾಠ ಹೇಳಿಕೊಂಡು ಬಂದ ವೈಷ್ಣವ ಮನೆತನ. ಪಾಠ ಹೇಳುವ ಆ ಚಟ ಮೇಡಂಗೂ ಬಂದಿತ್ತು. ಒಂದು ಬಾಟಲಿಯ ಮುಚ್ಚಳ ಸಡಿಲಾಗಿದ್ದರೆ ಸಾಕು, ಮುಚ್ಚಳ ಎಂದರೇನು ಎಂಬಲ್ಲಿಂದ ಶುರು ಮಾಡುತ್ತಿದ್ದರು. ಆದರೆ ನಮ್ಮ ಲ್ಯಾಬಿಗೆ ಅತಿ ದೊಡ್ಡ ಉಪಕಾರ ಮಾಡಿದ್ದು ಮೇಡಂ ಅಲ್ಲ, ಅವರ ತಾಯಿ ಸುಭದ್ರಾಬಾಯಿ.

ಒಮ್ಮೆ ನಮ್ಮ ತಟ್ಟೆಗಳಿಗೆಲ್ಲ ಬೂಸ್ಟು ಹಿಡಿಯಿತು. ಇವತ್ತು ಊಟ ಹಾಕಿದರೆ ನಾಡಿದ್ದಿಗೆ ಬಿಳಿ ಕೂದಲು. ಒಳಗಿನ ಗಾಳಿ ಸೋಸುವ ಫಿಲ್ಟರ್ ಬದಲಾಯಿಸಿದೆವು, ಗೋಡೆ ತೊಳೆದೆವು, ಎಲ್ಲ ದ್ರವ ಚೆಲ್ಲಿ ಹೊಸದು ತರಿಸಿದೆವು. ಮೇಡಂ ಮೊದಲು ದ್ರವದ ಕಂಪನಿಯವರನ್ನು, ನಂತರ ಕರೆಂಟಿನವರನ್ನು, ಕೊನೆಗೆ ಜಿಲ್ಲೆಯ ಹವೆಯನ್ನು ಬೈದರು. ಅಂಥ ಒಂದು ದಿನ ಸುಭದ್ರಾಬಾಯಿ ಕಣ್ಣು ತೋರಿಸಲು ಮಗಳ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟವರು ನಮ್ಮಲ್ಲಿ ಇಳಿದರು. ಮಗಳ ಮೀಟಿಂಗ್ ಮುಗಿಯುವ ತನಕ ಗಾಜಿನ ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡು, ಒಳಗೆ ನಾನು ಕೆಲಸ ಮಾಡುವುದನ್ನು ನೋಡುತ್ತ ಕೂತರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ಸಾಕಾಯಿತು.

"ವಸು, ಇಂವಾ ಮಡಿಯೊಳಗ ಇರೋ ಮನುಷ್ಯಾ ಅಲ್ಲ," ಎಂದರು ಮಗಳಿಗೆ, ನನ್ನ ಎದುರಿಗೇ.

"ಯಾಕವ್ವಾ? ಕೈಗವಸು ಹಾಕ್ಯಾನ, ಸ್ಪಿರಿಟ್ ಹಚ್ಯಾನ..."

"ಹಚ್ಯಾನ, ಖರೆ. ಹಚ್ಚಿ ಕನ್ನಡಕ ಏರಿಸ್ತಾನ. ಏರಿಸಿದ ಕೈಲೆ ಮತ್ತ ಒಳಗ ಹೋಗ್ತಾನ. ನಾ ಕೂತಾಗಿಂದ ಏಳು ಸಲ ಆತು. ಮೈಲಿಗಿ ಆದ ಮ್ಯಾಲ ಸ್ನಾನ ಮಾಡದ ಒಳಗ ಹೋಗೋದಂದ್ರ ಏನರ್ಥ?"

ಮೇಡಂ ನನ್ನ ಮುಖ ನೋಡಿದರು. ನಾನು ಕನ್ನಡಕ ಏರಿಸಿದೆ. ಎಂಟನೆಯ ಸಲ.

ಆ ಸಂಜೆಯೇ ನನ್ನ ಹೆಂಡತಿ ಹೊಸ ಪಾಯಿಜಾಮದ ಲಾಡಿ ಕಿತ್ತು ನನ್ನ ಕನ್ನಡಕದ ಎರಡೂ ಕಡ್ಡಿಗಳಿಗೆ ಕಟ್ಟಿ ತಲೆಯ ಹಿಂದೆ ಗಂಟು ಹಾಕಿದಳು. ಬೂಸ್ಟು ಹೋಯಿತು. ಅಲ್ಲಿಂದ ಮುಂದೆ ಹೊಸಬರು ಬಂದರೆ ಮೇಡಂ ಇಂಗ್ಲಿಷಿನ ನಿಯಮಪುಸ್ತಕ ಕೊಡುವ ಮೊದಲು ಒಂದು ವಾರ ಸುಭದ್ರಾಬಾಯಿಯವರ ಮಡಿ ಪಾಠ ಮಾಡುತ್ತಿದ್ದರು. ಏನು ಮುಟ್ಟಿದೆ, ಆಮೇಲೆ ಏನು ಮುಟ್ಟಿದೆ, ಬಾಯಿಂದ ಹೇಳುತ್ತ ಕೆಲಸ ಮಾಡಬೇಕು. ನಮ್ಮ ಮನೆಗಳಲ್ಲಿ ಮಡಿ ಇಲ್ಲ, ನಾವು ಒಕ್ಕಲುತನದವರು. ಆದರೂ ಹೇಳುತ್ತೇನೆ, ಅಷ್ಟು ಚೊಲೋ ಪಾಠ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿಲ್ಲ.

ಮೇಡಂ ಮಾಡಿದ ತಪ್ಪನ್ನೂ ಬರೆಯಬೇಕು. ಅದು ಇಲಿಯ ತಪ್ಪು. ಆಕರಕೋಶದಿಂದ ಜನನಕೋಶ ಮಾಡುವ ವಿಧಾನವನ್ನು ಜಗತ್ತಿನಲ್ಲಿ ಮೊದಲು ಇಲಿಯ ಕೋಶಗಳಲ್ಲಿ ಸರಿಯಾಗಿ ಕಂಡುಕೊಂಡರು. ಮೇಡಂಗೆ ಆ ವಿಧಾನದ ಮೇಲೆ ಅಪಾರ ಶ್ರದ್ಧೆ. ಒಂದಿಡೀ ವರ್ಷ ಮನುಷ್ಯನ ಕೋಶಗಳಿಗೆ ಇಲಿಯ ಅಡಿಗೆ ಬಡಿಸಿದೆವು. ಅವು ಮುಖ ತಿರುಗಿಸಿಕೊಂಡು ಬೇರೇನೇನೋ ಆದವು. ಒಂದು ತಟ್ಟೆಯಲ್ಲಂತೂ ಹೃದಯದ ಕೋಶಗಳಾಗಿ ಟಪಟಪ ಬಡಿಯತೊಡಗಿದ್ದವು. ಇಲಿಯಲ್ಲಿ ಈ ಕೆಲಸಕ್ಕೆ ಮುಂದಾಳಾಗುವ ಜೀನ್ ಬೇರೆ, ಮನುಷ್ಯನಲ್ಲಿ ಬೇರೆ ಎಂದು ಹೊರದೇಶದವರು ತೋರಿಸಿಕೊಟ್ಟ ದಿನ ಮೇಡಂ ಬಾಗಿಲು ಹಾಕಿಕೊಂಡು ಕೂತರು. ಮಧ್ಯಾಹ್ನ ಹೊರಗೆ ಬಂದು, "ಕಲ್ಲಪ್ಪ, ಒಂದು ವರ್ಷ ನಾನೂ ಇಲಿ ಆಗಿದ್ದೆ ನೋಡು," ಎಂದು ನಕ್ಕರು. ತನ್ನ ತಪ್ಪಿಗೆ ತಾನೇ ನಗುವ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ. ನನ್ನ ಮೂವತ್ತು ವರ್ಷಕ್ಕೆ ಒಬ್ಬರೇ ಸಿಕ್ಕರು.

ಇನ್ನು ನನ್ನ ತಪ್ಪುಗಳು. ಕನ್ನಡಕ ಬಿಟ್ಟು ದೊಡ್ಡವು ಎರಡು. ಎರಡೂ ಅನ್ನಪೂರ್ಣಾಗೆ ಸಂಬಂಧಿಸಿದವು.

ಅನ್ನಪೂರ್ಣಾ ಹಾನಗಲ್ಲಿನವಳು. ಅಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಹತ್ತೊಂಬತ್ತು ವರ್ಷದವಳಿದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು. ಚಿಕಿತ್ಸೆ ಜೀವ ಉಳಿಸಿತು, ಆದರೆ ಅದರ ಔಷಧಕ್ಕೆ ಅಂಡಾಶಯ ಬತ್ತಿಹೋಯಿತು. ಎಲ್ಲ ತಿಳಿದೇ ಒಬ್ಬ ಒಳ್ಳೆಯವನು ಮದುವೆಯಾದ. ಆಕೆಯ ಡಾಕ್ಟರರ ಮೂಲಕ ನಮ್ಮ ಕೆಲಸದ ವಿಷಯ ತಿಳಿದು, ತಾನಾಗಿ ಬಂದು ರಕ್ತ ಕೊಟ್ಟಳು. ರಕ್ತದ ಕೋಶಗಳನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಆಕರಕೋಶ ಮಾಡಲು ಈಗ ಬರುತ್ತದೆ. ಅಂದರೆ ಬತ್ತಿದ ದೇಹದಿಂದಲೂ ಜನನಕೋಶದ ಮೊದಲ ಮೆಟ್ಟಿಲು ಮಾಡಬಹುದೇ ಎಂದು ನೋಡುವುದು ನಮ್ಮ ಪ್ರಯೋಗ. ಮೆಟ್ಟಿಲು ಅಷ್ಟೆ, ಕೂಸಲ್ಲ. ಒಪ್ಪಿಗೆಯ ಕಾಗದದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮೇಡಂ ಮೂರು ಸಲ ಓದಿಸಿ, ನಾಲ್ಕನೆಯ ಸಲ ಆಕೆಯ ಬಾಯಿಂದಲೇ ಹೇಳಿಸಿದರು.

ಆಕೆ ಪ್ರತಿ ಸೋಮವಾರ ಲ್ಯಾಬಿಗೆ ಫೋನ್ ಮಾಡುತ್ತಿದ್ದಳು. ಎತ್ತುವವನು ನಾನು.

"ಕಲ್ಲಪ್ಪಣ್ಣಾರ, ನಮ್ಮವು ಹೆಂಗದಾವ್ರಿ?"

"ಚೊಲೋ ಅದಾವವ್ವಾ. ಈಗ ಉಂಡಾವು."

ಇಷ್ಟೇ ಮಾತು. ಮೇಡಂಗೂ ಇದು ಗೊತ್ತಿತ್ತು, ಬೇಡ ಎನ್ನಲಿಲ್ಲ. ಒಂದು ಸೋಮವಾರ ಮಾತ್ರ ಆಕೆ ಫೋನ್ ಇಡಲಿಲ್ಲ. ಹೊಲಿಗೆ ಮಷಿನ್ ನಿಲ್ಲಿಸಿದ್ದು ಕೇಳಿಸಿತು. ಆಮೇಲೆ, "ಅಣ್ಣಾರ, ಮುಂದ ಯಾವಾಗರ ಇದರಿಂದ ನನಗ ಒಂದು ಕೂಸು ಆದೀತೇನ್ರಿ?" ಎಂದಳು.

ಆಗೂದಿಲ್ಲ ಎನ್ನಬೇಕಿತ್ತು. ನಾಲ್ಕು ಅಕ್ಷರ. ನನ್ನ ಬಾಯಿಗೆ ಬಂದದ್ದು, "ನೋಡೂಣವ್ವಾ."

ನಮ್ಮ ಕಡೆ ಯಾರು ಏನು ಕೇಳಿದರೂ ನಾವು ಹೀಗನ್ನುತ್ತೇವೆ. ಲಗ್ನಕ್ಕೆ ಬರ್ರಿ ಎಂದರೂ ನೋಡೂಣ್ರಿ, ಹೊಲ ಕೊಡ್ತೀರೇನು ಎಂದರೂ ನೋಡೂಣ್ರಿ. ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಮುಂದಿನ ಸೋಮವಾರ ಆಕೆಯ ದನಿ ಏನು ಹಗುರಾಗಿತ್ತು! ನನ್ನ ಮಾತನ್ನು ಆಕೆ ನಂಬಿದ್ದಾಳೆ ಎಂದು ಆಗ ತಿಳಿಯಿತು. ಮೇಡಂಗೆ ಹೇಳಿದೆ.

"ಸುಳ್ಳು ಹೇಳಿದ್ದರ ಛಲೋ ಇತ್ತು, ಕಲ್ಲಪ್ಪ. ಸುಳ್ಳು ಹೇಳಿದ್ದರ ಒಂದಿನ ಸಿಕ್ಕು ಬೀಳತದ, ನೋಡೂಣು ಅನ್ನೋದು ಎಂದೂ ಸಿಕ್ಕು ಬೀಳೂದಿಲ್ಲ," ಎಂದರು. "ಆಕಿಗೆ ನೀನ ಹೇಳಬೇಕು. ಮುಂದಿನ ಸೋಮವಾರ."

ಮುಂದಿನ ಸೋಮವಾರಗಳು ಮೂರು ವರ್ಷ ನಡೆದವು. ಪ್ರತಿ ಸಲ "ಉಂಡಾವವ್ವಾ," ಎಂದು ಇಟ್ಟುಬಿಡುತ್ತಿದ್ದೆ. ಕೋಶಗಳು ಜನನಕೋಶ ಆದ ದಿನ ಆ ಸಿಹಿ ಸುದ್ದಿಯ ಜೊತೆ ಈ ಕಹಿಯನ್ನೂ ಹೇಳಿಬಿಡೋಣ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಕೋಶಗಳು ಆಗಬೇಕಲ್ಲ? ಆಗಲಿಲ್ಲ. ಸಲ ಸಲಕ್ಕೂ ಬರೀ ಸೊನ್ನೆ.

ಇಲ್ಲಿ ವಿಧಾನದ ಒಂದು ಗುಟ್ಟು ಹೇಳಬೇಕು. ಆಕರಕೋಶಗಳಿಗೆ ಮೊದಲು ಒಂದು ಔಷಧ ಹಾಕಿ ಎರಡು ದಿನಕ್ಕೆ ಕೊಂಚ ಕಡಿಮೆ ಹೊತ್ತು ಬಿಡುತ್ತೇವೆ. ಆಗ ಅವು ಯಾವ ಕಡೆಗಾದರೂ ಹೊರಳಲು ತಯಾರಾಗಿ ನಿಂತಿರುತ್ತವೆ. ಸರಿಯಾಗಿ ಆ ಹೊತ್ತಿಗೆ ಅವನ್ನು ಎತ್ತಿ, ಸಣ್ಣ ಸಣ್ಣ ಉಂಡೆ ಕಟ್ಟಿ, ಎರಡನೆಯ ಔಷಧಕ್ಕೆ ಹಾಕಬೇಕು. ಆ ಹೊತ್ತು ಮೀರಿದರೆ ಅವು ಬೇರೆ ದಾರಿ ಹಿಡಿದಿರುತ್ತವೆ, ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ನಮ್ಮ ಲೆಕ್ಕದಲ್ಲಿ ಆ ಹೊತ್ತು ಬೆಳಗಿನ ಎಂಟು ಗಂಟೆ. ನನ್ನ ದಾಖಲೆ ಪುಸ್ತಕದಲ್ಲೂ ಪ್ರತಿ ಸಲ ಎಂಟು ಗಂಟೆ ಎಂದೇ ಇತ್ತು.

ಮೂರನೆಯ ವರ್ಷ ಹಿರೇಕೆರೂರಿನ ಸವಿತಾ ಸಂಶೋಧನೆಗೆಂದು ಬಂದು ಸೇರಿದಳು. ಸಣ್ಣ ದನಿಯ ಹುಡುಗಿ. ಶಿಗ್ಗಾಂವಿಯಲ್ಲಿ ಖೋಲಿ ಹಿಡಿದಿದ್ದಳು. ಎರಡು ವಾರ ಏನೂ ಮಾತಾಡದೆ ನನ್ನ ಪುಸ್ತಕ ಓದಿದಳು. ಮೂರನೆಯ ವಾರ ಮೇಡಂ ಎದುರಿಗೆ, ತಗ್ಗಿದ ದನಿಯಲ್ಲಿ ಕೇಳಿದಳು.

"ಕಲ್ಲಪ್ಪಣ್ಣಾರ, ನಿನ್ನೆ ಎಂಟಕ್ಕ ಕೋಶ ಎತ್ತಿ ಉಂಡಿ ಕಟ್ಟೀನಿ ಅಂತ ಬರದೀರಿ."

"ಹೌದವಾ."

"ಎಂಟಕ್ಕ ನೀವು ಶಿಗ್ಗಾಂವಿ ಬಸ್ ಸ್ಟ್ಯಾಂಡಿನ್ಯಾಗ ಮಿರ್ಚಿ ತಿನ್ನಾಕತ್ತಿದ್ರಿ. ನಾ ಬಾಜೂಕ ನಿಂತಿದ್ದೆ. ಎರಡನೇ ಪ್ಲೇಟ್ ತಗೊಂಡ್ರಿ."

ನಾನು ಪುಸ್ತಕ ಮುಚ್ಚಿದೆ.

ನಡೆದದ್ದು ಇದು. ನನ್ನ ಬಸ್ಸು ಎಂಟೂಮುಕ್ಕಾಲಿಗೆ. ಲ್ಯಾಬು ಮುಟ್ಟಿ, ಚಹಾ ಕುಡಿದು, ಕೈಗವಸು ಏರಿಸುವಷ್ಟರಲ್ಲಿ ಹತ್ತೂವರೆ. ದವಾಖಾನೆಯಲ್ಲಿದ್ದಾಗ ಬಂದದ್ದು ಯಾವಾಗಲೇ ಇರಲಿ, ಹಾಜರಿಯಲ್ಲಿ ಎಲ್ಲರೂ ಎಂಟು ಎಂದೇ ಬರೆಯುತ್ತಿದ್ದೆವು. ಕೈಗೆ ಆ ಅಭ್ಯಾಸ ಕೂತಿತ್ತು. ಮೋಸ ಮಾಡುತ್ತಿದ್ದೇನೆ ಎಂಬುದು ನನಗೇ ಹೊಳೆದಿರಲಿಲ್ಲ. ಮೂರು ವರ್ಷ ಮೇಡಂ ಔಷಧ ಬದಲಿಸಿದರು, ಕೋಶ ಬೆಚ್ಚಗಿಡುವ ಇನ್‌ಕ್ಯುಬೇಟರ್ ಬದಲಿಸಿದರು, ದೇವರಿಗೆ ತಾವರೆ ಹೂವಿನ ಹರಕೆ ಹೊತ್ತರು. ಬದಲಿಸಬೇಕಾಗಿದ್ದದ್ದು ನನ್ನ ಬಸ್ಸು.

ಮೇಡಂ ಅವತ್ತು ಪಾಠ ಮಾಡಲಿಲ್ಲ. "ಎರಡನೇ ಪ್ಲೇಟು," ಎಂದಷ್ಟೇ ಹೇಳಿ ತಮ್ಮ ಖೋಲಿಗೆ ಹೋದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಸಬರೇ, ಪುಸ್ತಕದಲ್ಲಿ ನಡೆದ ಹೊತ್ತು ಬರೆಯಿರಿ, ನಡೆಯಬೇಕಾದ ಹೊತ್ತನ್ನಲ್ಲ. ತಡವಾದರೆ ತಡ ಎನ್ನಿ. ನಾನು ಹತ್ತೂವರೆ ಎಂದು ಬರೆದಿದ್ದರೆ ಮೇಡಂ ಮೊದಲ ತಿಂಗಳೇ ಹಿಡಿಯುತ್ತಿದ್ದರು.

ಮುಂದಿನ ಸಲ ಆರು ಗಂಟೆಯ ಬಸ್ಸಿಗೆ ನಾನೂ ಸವಿತಾಳೂ ಹೋದೆವು. ಎಂಟಕ್ಕೆ ಸರಿಯಾಗಿ ಆಕೆ ಕೋಶ ಎತ್ತಿದಳು, ನಾನು ಗಡಿಯಾರ ಹಿಡಿದು ನಿಂತಿದ್ದೆ. ಉಂಡೆಗಳಿಗೆ ಎರಡನೆಯ ಔಷಧ ಹಾಕಿ ದಿನ ಎಣಿಸಿದೆವು. ಜನನಕೋಶಕ್ಕೆ ಮಾತ್ರ ಅಂಟುವ ಹಸಿರು ಬಣ್ಣವೊಂದಿದೆ. ಐದನೆಯ ದಿನ ಅದನ್ನು ಹಾಕಿ ಸೂಕ್ಷ್ಮದರ್ಶಕದ ದೀಪ ಹಚ್ಚಿದರೆ, ಪ್ರತಿ ಉಂಡೆಯ ಅಂಚಿಗೂ ಹಸಿರು ಚುಕ್ಕಿಗಳ ಗುಂಪು. ಸವಿತಾ ಅತ್ತಳು. ಮೇಡಂ ತಾಯಿಗೆ ಫೋನ್ ಮಾಡಿದರು. ನಾನು ಕನ್ನಡಕ ತೆಗೆದು ಒರೆಸಿ, ನಿಯಮದಂತೆ ಕೈಗವಸು ಬದಲಿಸಿ, ಮತ್ತೆ ನೋಡಿದೆ. ಇದ್ದವು.

ಅನ್ನಪೂರ್ಣಾಗೆ ಮೇಡಂ ತಾವೇ ಫೋನ್ ಮಾಡಿ, ಬಂದು ನೋಡಬಹುದು ಎಂದರು. ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಇವತ್ತ ಸೋಮವಾರ ಅಲ್ಲ. ಆದ್ರೂ ಹೇಳಬೇಕು," ಎಂದರು.

ಮರುದಿನ ಆಕೆ ಹಾನಗಲ್ಲಿನಿಂದ ಬಂದಳು, ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಪರದೆಯ ಎದುರು ಕುರ್ಚಿ ಹಾಕಿ ಕೂರಿಸಿದೆವು. ಹಸಿರು ಚುಕ್ಕಿಗಳನ್ನು ಬಹಳ ಹೊತ್ತು ನೋಡಿದಳು. ಬ್ಲೌಸಿನ ಹೊಲಿಗೆ ಪರೀಕ್ಷಿಸುವವರ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ.

"ಇವು ನನ್ನವ ಏನ್ರಿ?"

"ನಿನ್ನವ," ಎಂದೆ. ಈಗ ಹೇಳದಿದ್ದರೆ ಸಾಯುವತನಕ ಹೇಳಲಾರೆ ಎನಿಸಿತು. "ಅನ್ನಪೂರ್ಣಾ, ನಾ ಒಂದು ತಪ್ಪು ಮಾಡೇನವ್ವಾ. ಅವತ್ತ ನೀ ಕೂಸಿನ ಮಾತು ಕೇಳಿದಾಗ ನೋಡೂಣು ಅಂದೆ. ಅನ್ನಬಾರದಿತ್ತು. ಇವು ಕೂಸು ಆಗೂದಿಲ್ಲ. ಇಂದು ಮಧ್ಯಾಹ್ನ ಪರೀಕ್ಷಾ ಮಾಡಾಕ ಇವುಕ್ಕ ಔಷಧ ಹಾಕಿ ಬೆಳಿಯೂದನ್ನ ಇಲ್ಲಿಗೇ ನಿಲ್ಲಸಬೇಕು. ಮೂರು ವರ್ಷ ನಿನ್ನ ಸುಮ್ಮನ ಕಾಯಿಸಿದೆ."

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತ್ರಿ ಅಣ್ಣಾರ."

"ಗೊತ್ತೈತಿ? ಯಾವಾಗಿಂದ?"

"ನೀವು ಅಂದ ಮ್ಯಾಲ ಒಂದು ವಾರಕ್ಕ. ಮೇಡಮ್ಮಾರು ಕೊಟ್ಟ ಕಾಗದ ಮನ್ಯಾಗಿತ್ತಲ್ರಿ, ತಗದು ಮತ್ತ ಓದಿದೆ." ಸ್ವಲ್ಪ ನಕ್ಕಳು. "ಆ ಒಂದು ವಾರ ಮಾತ್ರ ನಂಬಿದ್ದೆ. ಭಾಳ ಚೊಲೋ ಇತ್ರಿ ಆ ವಾರ. ಬಡಿಗ್ಯಾರಿಗೆ ತೊಟ್ಟಿಲಕ್ಕೂ ಹೇಳಿಬಿಟ್ಟಿದ್ದೆ."

"ತೊಟ್ಟಿಲ?" ಎಂದೆ.

"ಕಾಗದ ಓದಿ ಬ್ಯಾಡ ಅನ್ನಾಕ ಹೋದ್ರ, ಅಂವ ಆಗಲೇ ಮಾಡಿ ಮುಗಿಸಿದ್ದ. ವಾಪಸ್ ತಗೊಳ್ಳಾಕ ಒಲ್ಲೆ ಅಂದ. ತಂದು ಪಡಸಾಲ್ಯಾಗ ಇಟ್ಟೆ. ನಮ್ಮ ಅತ್ತಿ ನೋಡಿ ಹೌಹಾರಿದ್ರು. ಖಾಲಿ ತೊಟ್ಟಿಲ ಮನ್ಯಾಗ ಇರಬಾರದು, ಅದನ್ನ ತೂಗಬಾರದು, ಮಂದಿಗೆ ಕೊಡಾಕೂ ಬರೂದಿಲ್ಲ ಅಂದ್ರು. ಹಂಗಾರ ಏನು ಮಾಡೂಣ್ರಿ ಅತ್ತಿ, ಅಂತ ಕೇಳಿದೆ. ದತ್ತಕ ತಗೊಳ್ಳೂಣು ಅಂದ್ರ ಏಳು ವರ್ಷ ಬ್ಯಾಡ ಅಂದವರು ಅವರು. ಅವತ್ತ ಬಾಯಿ ಮುಚ್ಚಿಕೊಂಡು ಕುಂತ್ರು. ಮರುದಿನಾನ ಅರ್ಜಿ ಹಾಕಿದ್ವಿ. ಹೋದ ಶ್ರಾವಣದಾಗ ಮಗಳು ಮನಿಗೆ ಬಂದ್ಲು."

ಮೂರು ವರ್ಷ ಆಕೆಯ ಮನಸ್ಸು ನೋಯಬಾರದು ಎಂದು ಪಿಸುಪಿಸು ಮಾತಾಡಿದವರು ನಾನು ಮತ್ತು ಮೇಡಂ.

"ಮತ್ತ ಇಷ್ಟು ದಿನ ನನಗ ಹೇಳಬಾರದಾ?" ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಹೇಳಿದ್ರ, ಹೆಂಗೂ ಕೂಸು ಬಂತು ಅಂತ ಇವುಕ್ಕ ಊಟ ಹಾಕೂದು ಬಿಟ್ಟೀರಿ ಅಂತ ಅಂಜಿಕಿ ಇತ್ರಿ. ಇವೂ ನನ್ನವ ಅಲ್ರಿ?" ಆಮೇಲೆ ಪರದೆಯ ಕಡೆ ತಿರುಗಿ, "ನಂದು ಎಲ್ಲಾ ಒಣಗಿ ಹೋಗೈತಿ ಅಂದಿದ್ರು. ಇಷ್ಟು ಉಳದಿತ್ತು," ಎಂದಳು.

ಮಧ್ಯಾಹ್ನ ಔಷಧ ಹಾಕುವ ಹೊತ್ತಾಯಿತು. ಆಚೆ ಅಂಗಳದಲ್ಲಿ ಕುಂದರು ಎಂದೆ. ಒಲ್ಲೆ ಎಂದಳು. "ಹಾಕ್ರಿ ಅಣ್ಣಾರ, ನಾ ಇಲ್ಲೇ ಗಾಜಿನ ಹೊರಗ ಕುಂತಿರ್ತೇನಿ." ದ್ರವ ಹನಿಸುವ ಪಿಪೆಟ್ ಹಿಡಿದು ಗಾಜಿನಾಚೆ ಆಕೆಯನ್ನೇ ನೋಡುತ್ತ ನಿಂತೆ. ಸವಿತಾ ಮಾತಿಲ್ಲದೆ ನನ್ನ ಕೈಯಿಂದ ಇಸಿದುಕೊಂಡು ತಾನೇ ಹಾಕಿದಳು. ನಾನು ಪುಸ್ತಕ ತೆಗೆದು ನಡೆದ ಹೊತ್ತು ಬರೆದೆ. ಎರಡು ಗಂಟೆ ಹತ್ತು ನಿಮಿಷ.

ರೊಟ್ಟಿಯ ಗಂಟು ಬಿಚ್ಚಿ ನಾಲ್ವರೂ ಉಂಡೆವು. ಬಸ್ಸಿಗೆ ಬಿಡಲು ಹೆದ್ದಾರಿಯವರೆಗೆ ಆಕೆಯ ಜೊತೆ ನಡೆದೆ. ಏನು ಮಾತಾಡಬೇಕೋ ತಿಳಿಯದೆ, "ತೊಟ್ಟಿಲ ಹಿಡಿಸಿತೇನವ್ವಾ ಮಗಳಿಗೆ?" ಎಂದು ಕೇಳಿದೆ.

"ಎಲ್ಲೀದ್ರಿ ಅಣ್ಣಾರ! ಮನಿಗೆ ಬರೂದ್ರಾಗ ಎರಡು ವರ್ಷದಾಕಿ ಆಗಿದ್ಲು. ಎರಡೂ ಕಾಲು ಹೊರಗ ಬರ್ತಾವ. ಆದ್ರೂ ಅದರಾಗಿಂದ ಇಳಿಯಾಕ ಒಲ್ಲೆ ಅಂತಾಳ."